ಸಾವಂತಿಯ ತವರು

ನೆಲ್ಲಿಬೈಲಿನ ಗದ್ದೆಗಳು ಮುಗಿಯುವಲ್ಲಿ ಒಂದು ಹಳ್ಳ ಅಡ್ಡ ಬರುತ್ತದೆ. ಮಳೆಗಾಲ ಬಿಟ್ಟರೆ ಉಳಿದ ದಿನಗಳಲ್ಲಿ ಅದರ ನೀರು ಮೊಣಕಾಲಿಗೆ ಮುಟ್ಟುವುದಿಲ್ಲ. ಹಳ್ಳದ ಆಚೆ ದಡದಿಂದಲೇ ಕಾನು ಶುರು. ಗದ್ದೆಯ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಬಂದವರಿಗೆ ಮೊದಲು ಎಲ್ಲ ಕತ್ತಲೆಯಾಗಿ ಕಾಣುತ್ತದೆ. ಸ್ವಲ್ಪ ಹೊತ್ತು ನಿಂತರೆ ಧೂಪದ ಮರಗಳು ಒಂದೊಂದಾಗಿ ಮುಂದೆ ಬರುತ್ತವೆ, ಒಂದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಗುಡ್ಡದ ನೆತ್ತಿಯವರೆಗೂ. ಈ ಮರಗಳ ವಯಸ್ಸು ಇಷ್ಟೇ ಎಂದು ಹೇಳಿದವರು ಯಾರೂ ಇಲ್ಲ. ಅರಣ್ಯ ಇಲಾಖೆಯ ಹಸಿರು ಬೋರ್ಡಿನ ಮೇಲೆ ‘ತವರುಕಾನು, ಸಂರಕ್ಷಿತ ಅರಣ್ಯ’ ಎಂದು ಬರೆದಿದೆ. ಅದರ ಕೆಳಗೆ ಬೆಂಕಿ ಹಚ್ಚಬಾರದು, ಪ್ಲಾಸ್ಟಿಕ್ ಬಿಸಾಡಬಾರದು, ಸಂಜೆ ನಾಲ್ಕರೊಳಗೆ ಹಿಂದಿರುಗಬೇಕು ಎಂಬ ಮಾತುಗಳಿವೆ. ಅವು ಎಲ್ಲ ಕಾಡುಗಳ ಬೋರ್ಡಿನಲ್ಲೂ ಇರುವವೇ. ಬೋರ್ಡಿನಲ್ಲಿ ಇಲ್ಲದ ನಿಯಮ ಇನ್ನೊಂದು ಇದೆ. ಅದನ್ನು ಹೇಳಲು ಅಲ್ಲಿ ಸುಬ್ರಾಯನೆಂಬ ವಾಚರ್ ಕೂತಿರುತ್ತಾನೆ.

ಹಳ್ಳದ ಈಚೆ ದಡದಲ್ಲಿ ಮಂಚದಷ್ಟು ಅಗಲದ ಒಂದು ಚಪ್ಪಟೆ ಕಲ್ಲಿದೆ. ಕಾನಿಗೆ ಹೋಗುವವರು ಕೈಯಲ್ಲಿರುವ ಕತ್ತಿ, ಚಾಕು, ಕೋಲು ಎಲ್ಲವನ್ನೂ ಆ ಕಲ್ಲಿನ ಮೇಲೆ ಇಡಬೇಕು. ಆಮೇಲೆ ಅಲ್ಲೇ ಇರುವ ತಾಮ್ರದ ಚೊಂಬಿನಿಂದ ಕಾಲಿಗೆ ನೀರು ಹಾಕಿಕೊಂಡು, ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡು ಹಳ್ಳ ದಾಟಬೇಕು. ಚೊಂಬಿಗೆ ಈಗ ಸರಪಳಿ ಕಟ್ಟಿದ್ದಾರೆ. ಯಾಕೆಂದು ಬೇರೆ ಹೇಳಬೇಕಾಗಿಲ್ಲ. ದೂರದ ಊರುಗಳಿಂದ ಚಾರಣಕ್ಕೆ ಬರುವವರು ಎತ್ತರದ ಬೂಟು ಹಾಕಿರುತ್ತಾರೆ, ಎರಡೂ ಕೈಯಲ್ಲಿ ಮಡಚುವ ಕೋಲು ಹಿಡಿದಿರುತ್ತಾರೆ. ಬೂಟು ಬಿಚ್ಚುವುದಕ್ಕೆ ಹೇಗೋ ಒಪ್ಪುತ್ತಾರೆ, ಕೋಲು ಬಿಡುವುದಕ್ಕೆ ಒಪ್ಪುವುದಿಲ್ಲ. ದುಬಾರಿ ಕೋಲು, ಏರುದಾರಿಗೆ ಬೇಕೇ ಬೇಕು ಎಂದು ವಾದ ಹೂಡುತ್ತಾರೆ. ಸುಬ್ರಾಯ ಜಗಳ ಮಾಡುವವನಲ್ಲ. “ಬೀಗರ ಮನೆಗೆ ಯಾರಾದ್ರೂ ಕೋಲು ಹಿಡ್ಕಂಡು ಹೋಗ್ತಾರನ್ರೀ?” ಎಂದು ಒಂದು ಮಾತು ಕೇಳಿ ಸುಮ್ಮನಾಗುತ್ತಾನೆ. ಕಾಡಿಗೂ ಬೀಗರಿಗೂ ಎತ್ತಣ ಸಂಬಂಧವೆಂದು ಬಂದವರು ತಬ್ಬಿಬ್ಬಾಗುತ್ತಾರೆ. ಹಾಗೆ ತಬ್ಬಿಬ್ಬಾದವರಿಗಾಗಿಯೇ ಈ ಕತೆ ಉಳಿದುಕೊಂಡು ಬಂದಿದೆ.

ಇತಿಹಾಸ ಬಲ್ಲ ಒಬ್ಬ ಮಹನೀಯರು ಒಮ್ಮೆ ಇಲ್ಲಿಗೆ ಬಂದು, ಯಾವುದೋ ಅರಸುಮನೆಯ ಹೆಣ್ಣುಮಗಳಿಗೆ ಈ ಕಾಡನ್ನು ಬಳುವಳಿಯಾಗಿ ಕೊಟ್ಟಿರಬೇಕು, ಅದರಿಂದ ಈ ಹೆಸರು ಎಂದು ಹೇಳಿ ಹೋದರು. ನೆಲ್ಲಿಬೈಲಿನ ಹೆಂಗಸರು ಕೈಯಲ್ಲಿದ್ದ ಕೆಲಸ ನಿಲ್ಲಿಸದೆ ಕೇಳಿಸಿಕೊಂಡರು, ನಕ್ಕರು, ಅಷ್ಟೆ. ಅವರಿಗೆ ಗೊತ್ತಿರುವ ಹೆಣ್ಣುಮಗಳು ಅರಸುಮನೆಯವಳಲ್ಲ. ಅವಳಿಗೆ ಮನೆಯೇ ಇರಲಿಲ್ಲ.

ಹಿಂದೆ ಒಮ್ಮೆ, ಕರಾವಳಿಯಿಂದ ಘಟ್ಟದ ಮೇಲಕ್ಕೆ ಹೇರೆತ್ತುಗಳ ಬೆನ್ನಿನ ಮೇಲೆ ಉಪ್ಪು ಬರುತ್ತಿದ್ದ ಕಾಲದಲ್ಲಿ, ಈ ಹಳ್ಳದ ಆಚೆ ಕಾನಿನ ಅಂಚಿನಲ್ಲಿ ದುಗ್ಗಜ್ಜಿ ಎಂಬ ಮುದುಕಿಯ ಗುಡಿಸಲು ಇತ್ತಂತೆ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಧೂಪದ ಅಂಟು ಸಂಗ್ರಹಿಸಿ ಊರಿನವರಿಗೆ ಕೊಟ್ಟು ಅಕ್ಕಿ ಪಡೆದು ಬದುಕುತ್ತಿದ್ದವಳು. ಮರದ ತೊಗಟೆಗೆ ಸಣ್ಣದೊಂದು ಕಚ್ಚು ಹಾಕಿ, ಒಸರಿದ ಅಂಟು ತೆಗೆದ ಮೇಲೆ ಆ ಗಾಯ ಮಾಗುವವರೆಗೂ ಅವಳು ಆ ಮರದ ಹತ್ತಿರ ಸುಳಿಯುತ್ತಿರಲಿಲ್ಲ. ಊರಿಗೂರೇ ಜ್ವರ ಬಿದ್ದ ಒಂದು ವರ್ಷ, ಉಪ್ಪಿನ ಎತ್ತುಗಳ ಗುಂಪೊಂದು ಕಾನಿನ ಅಂಚಿನಲ್ಲಿ ತಂಗಿ ಮುಂದಕ್ಕೆ ಹೋಯಿತು. ಮರುದಿನ ಬೆಳಿಗ್ಗೆ ಅಜ್ಜಿ ನೋಡುತ್ತಾಳೆ, ಎಲ್ಲಕ್ಕಿಂತ ದೊಡ್ಡ ಧೂಪದ ಮರದ ಬುಡದಲ್ಲಿ, ಎರಡು ಬೇರುಗಳ ನಡುವೆ, ಉಪ್ಪಿನ ಗೋಣಿಯಲ್ಲಿ ಸುತ್ತಿದ ಹೆಣ್ಣು ಕೂಸು. ಯಾರು ಬಿಟ್ಟರು, ಯಾವ ಸಂಕಟಕ್ಕೆ ಬಿಟ್ಟರು, ಯಾರಿಗೂ ತಿಳಿಯಲಿಲ್ಲ. ಅಜ್ಜಿ ಎತ್ತಿಕೊಂಡಳು, ಸಾವಂತಿ ಎಂದು ಹೆಸರಿಟ್ಟಳು, ಎದೆಗವಚಿಕೊಂಡು ಸಾಕಿದಳು. ಮಾತು ಬಂದ ಮೇಲೆ ಮಗು ನನ್ನ ಅಪ್ಪ ಅಮ್ಮ ಯಾರು ಎಂದು ಕೇಳಿದಾಗಲೆಲ್ಲ ಅವಳು ದೊಡ್ಡ ಧೂಪದ ಕಡೆ ಕೈ ತೋರಿಸಿ, “ಕೊಟ್ಟವರು ಅವ್ರು, ಸಾಕಿದ್ದು ನಾನು” ಎನ್ನುತ್ತಿದ್ದಳು. ಬೇರೆ ಮಕ್ಕಳಾಗಿದ್ದರೆ ಇದನ್ನು ಅಜ್ಜಿಯ ತಮಾಷೆ ಎಂದುಕೊಳ್ಳುತ್ತಿದ್ದವೋ ಏನೋ. ಸಾವಂತಿ ಹಾಗೆ ತಿಳಿಯಲಿಲ್ಲ. ಬಿದ್ದು ಮಂಡಿ ತರಚಿದರೆ ಆ ಮರದ ಬುಡಕ್ಕೆ ಹೋಗಿ ಅಳುತ್ತಿದ್ದಳು, ಹೊಸ ಸೀರೆ ಉಟ್ಟರೆ ಮೊದಲು ಅದಕ್ಕೆ ತೋರಿಸಿ ಬರುತ್ತಿದ್ದಳು.

ಹುಡುಗಿ ಬೆಳೆದಳು. ನೆಲ್ಲಿಬೈಲಿನ ಹಿರಿಯ ದ್ಯಾವಪ್ಪಗೌಡರ ಕಿರಿಯ ಮಗ ಬೈರ ಧೂಪ ತರುವ ನೆವದಿಂದ ದಿನವೂ ಹಳ್ಳ ದಾಟತೊಡಗಿದ. ಮನೆಯಲ್ಲಿ ಧೂಪದ ರಾಶಿಯೇ ಬಿದ್ದಾಗ ಗೌಡರಿಗೆ ವಿಷಯ ಹೊಳೆಯಿತು. ಹಿಂದುಮುಂದಿಲ್ಲದ ಹುಡುಗಿ ಎಂದು ಮನೆಯಲ್ಲಿ ಗುಸುಗುಸು ಎದ್ದರೂ ಗೌಡರು ಮಗನ ಮುಖ ನೋಡಿ ಒಪ್ಪಿಕೊಂಡರು. ಅವರು ಕೆಟ್ಟ ಮನುಷ್ಯರಲ್ಲ. ಸಿಟ್ಟು ಬೇಗ, ಹಸಿವು ಅದಕ್ಕಿಂತ ಬೇಗ. ಹೆಣ್ಣಿನ ಮನೆಯಲ್ಲೇ ಮದುವೆಯಾಗಬೇಕಾದ್ದರಿಂದ ದೊಡ್ಡ ಧೂಪದ ಕೆಳಗೆ ಚಪ್ಪರ ಹಾಕಿದರು. ಎಲ್ಲ ಸರಾಗವಾಗಿ ನಡೆದು ಧಾರೆ ಎರೆಯುವ ಹೊತ್ತಿಗೆ ಒಂದು ತೊಡಕು ಬಂತು. ಹೆಣ್ಣನ್ನು ಕೊಡುವವರು ಯಾರು? ಗಂಡನಿಲ್ಲದ ಹೆಂಗಸು ಧಾರೆ ಎರೆಯಬಾರದೆಂದು ಆ ಕಾಲದ ಕಟ್ಟು. ಊರಿನ ಯಾರನ್ನಾದರೂ ಅಪ್ಪನ ಜಾಗದಲ್ಲಿ ನಿಲ್ಲಿಸೋಣವೆಂದರೆ, ನಾಳೆ ಆ ಹುಡುಗಿಯ ತವರಿನ ಭಾರ ತಮ್ಮ ತಲೆಗೆ ಬಂದೀತೆಂದು ಒಬ್ಬೊಬ್ಬರೂ ಒಂದೊಂದು ಕಡೆ ನೋಡತೊಡಗಿದರು. ಹೊತ್ತು ಮೀರುತ್ತಿತ್ತು, ಪಾಯಸ ಆರುತ್ತಿತ್ತು. ದ್ಯಾವಪ್ಪಗೌಡರು ತಾಳಲಾರದೆ, “ಆ ಮರವೇ ಕೊಡ್ಲಿ ಮಾರಾಯ್ರಾ! ಮಗು ಕೊಟ್ಟಿದ್ದು ಅದೇ ಅಂತೀರಲ್ಲ, ಎರೆದು ಮುಗಿಸಿ!” ಎಂದು ಕೂಗಿದರು.

ಸಿಡುಕಿನಲ್ಲಿ ಅಂದ ಮಾತು. ಆದರೆ ದುಗ್ಗಜ್ಜಿ ಅದನ್ನು ಹಿಡಿದುಕೊಂಡುಬಿಟ್ಟಳು. ಅವಳು ಹೇಳಿದಂತೆ ಊರಿನವರು ಗಿಂಡಿಯನ್ನು ಧೂಪದ ಬೊಡ್ಡೆಗೆ ಒತ್ತಿ ಬಾಗಿಸಿದರು. ತೊಗಟೆಯ ಮೇಲಿಂದ ಇಳಿದ ನೀರು ಸಾವಂತಿಯ ಕೈಗೆ, ಅವಳ ಕೈಯಿಂದ ಬೈರನ ಕೈಗೆ ಬಿತ್ತು. ಧಾರೆಯಾದ ಮೇಲೆ ಬೀಗರು ವೀಳ್ಯ ಬದಲಾಯಿಸಿ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವುದು ವಾಡಿಕೆ. ಗೌಡರು ಅದನ್ನೂ ಬಿಡಲಿಲ್ಲ. ಮರದ ಬುಡದಲ್ಲಿ ವೀಳ್ಯ ಇಟ್ಟು, ಎರಡೂ ತೋಳು ಚಾಚಿ ಬೊಡ್ಡೆಯನ್ನು ತಬ್ಬಿ, “ನಮ್ಮ ಬೀಗರು ಸ್ವಲ್ಪ ದಪ್ಪ ಆದ್ರು” ಎಂದರು. ಚಪ್ಪರವೆಲ್ಲ ನಕ್ಕಿತು. ನಗದವಳು ಒಬ್ಬಳೇ. ಸಾವಂತಿಯ ಕಣ್ಣು ತುಂಬಿತ್ತು. ತನ್ನ ಮಾವಯ್ಯ ಇಷ್ಟು ಮರ್ಯಾದೆಯಿಂದ ತನ್ನವರನ್ನು ಅಪ್ಪಿಕೊಂಡರಲ್ಲ ಎಂದು ಅವಳು ಒಳಗೊಳಗೇ ಕೈ ಮುಗಿದಳು.

ಆ ಮಳೆಗಾಲದಲ್ಲೇ ದುಗ್ಗಜ್ಜಿ ತೀರಿಕೊಂಡಳು. ಗಂಡನ ಮನೆಯಲ್ಲಿ ಸಾವಂತಿಗೆ ಊಟ ಬಟ್ಟೆಗೆ ಕೊರತೆಯಿರಲಿಲ್ಲ, ಬೈರನ ಪ್ರೀತಿಗಂತೂ ಕೊನೆಯೇ ಇರಲಿಲ್ಲ. ಆದರೆ ಗೌರಿಹಬ್ಬ ಬಂದರೆ ಓರಗೆಯ ಸೊಸೆಯರೆಲ್ಲ ತವರಿಗೆ ಹೋಗುವರು. ಹೋಗುವಾಗ ಇದ್ದ ಮುಖವೇ ಬೇರೆ, ಬರುವಾಗಿನ ಮುಖವೇ ಬೇರೆ. ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಕೈತುಂಬ ಬಳೆ, ಬಾಯಿತುಂಬ ಅಣ್ಣಂದಿರ ಸುದ್ದಿ. ಸಾವಂತಿ ಎಲ್ಲವನ್ನೂ ನಗುತ್ತಲೇ ಕೇಳುವಳು. ಆಮೇಲೆ ನೀರಿಗೆಂದು ಹಳ್ಳಕ್ಕೆ ಹೋದವಳು ಸ್ವಲ್ಪ ತಡವಾಗಿ ಬರುವಳು. ಅತ್ತೆ ಕರಿಯಮ್ಮ ಬಾಯಿ ಬಿರುಸಿನ ಹೆಂಗಸು. ಒಮ್ಮೆ ಒರಳಿನ ಮುಂದೆ ಕೂತು, “ತವರಿಲ್ಲದೋಳಿಗೆ ಸಿಟ್ಟು ಬಂದ್ರೆ ಎದ್ದು ಹೋಗಕ್ಕೂ ಒಂದು ದಾರಿ ಇರಲ್ಲ ನೋಡು” ಎಂದಳು. ಆ ಮಾತು ಸಾವಂತಿಗೆ ಚುಚ್ಚಿತು. ಅತ್ತೆ ಅದನ್ನು ತನ್ನನ್ನು ನೋಡಿ ಹೇಳಲಿಲ್ಲ, ರುಬ್ಬುಗುಂಡನ್ನು ನೋಡಿ ಹೇಳಿದಳು ಎಂಬುದು ಆಗ ಅವಳ ಗಮನಕ್ಕೆ ಬರಲಿಲ್ಲ.

ಮರುವರ್ಷ ಸಾವಂತಿ ಬಸುರಿಯಾದಳು. ಅದೇ ಹೊತ್ತಿಗೆ ದ್ಯಾವಪ್ಪಗೌಡರ ತಲೆಗೆ ಒಂದು ಚಿಂತೆ ಹತ್ತಿಕೊಂಡಿತು. ಇಬ್ಬರು ಗಂಡುಮಕ್ಕಳು, ಇರುವ ಗದ್ದೆ ಒಬ್ಬನಿಗೆ ಸಾಕಾಗುವಷ್ಟು. ಹಿರಿಯವನು ಆಗಲೇ ಮುಖ ಗಂಟಿಕ್ಕತೊಡಗಿದ್ದ. ತಾನು ಕಣ್ಣು ಮುಚ್ಚಿದ ಮೇಲೆ ಅಣ್ಣತಮ್ಮಂದಿರು ಹೊಡೆದಾಡುವುದು ಗೌಡರ ಕಣ್ಣಿಗೆ ಕಟ್ಟಿತು. ಕಾಡು ಕಡಿದು ಸಾಗು ಮಾಡಿದವನಿಗೇ ಆ ನೆಲ ಎಂದು ಸೀಮೆಯ ನಾಯಕ ಡಂಗುರ ಹೊಡೆಸಿದ್ದ. ಹಳ್ಳದ ಆಚೆಯ ಕಾನು ಕಡಿದರೆ, ಮೇಲಿಂದ ನೀರು, ಕೆಳಗೆ ಕಪ್ಪು ಮಣ್ಣು, ಇಬ್ಬರಿಗೂ ಹೊಟ್ಟೆ ತುಂಬುವಷ್ಟು ಗದ್ದೆ. ಗೌಡರು ಕೊಡಲಿಗಳನ್ನು ಸಾಣೆಗೆ ಕೊಟ್ಟರು, ಹೋಳಿಹುಣ್ಣಿಮೆ ಕಳೆದ ಸೋಮವಾರ ದಿನ ಗೊತ್ತು ಮಾಡಿದರು. ಊಟಕ್ಕೆ ಕೂತಲ್ಲಿ ಅದೇ ಮಾತು. ದೊಡ್ಡ ಧೂಪವನ್ನೇ ಮೊದಲು ಉರುಳಿಸಬೇಕು, ಅದು ಬಿದ್ದರೆ ಅರ್ಧ ಕೆಲಸ ಆದಂತೆ ಎಂದು ಅವರು ಹೇಳುವಾಗ ಸಾವಂತಿ ಬಡಿಸುತ್ತ ನಿಂತಿದ್ದಳು. ಅಪ್ಪನ ಮುಂದೆ ಎಂದೂ ಬಾಯಿ ತೆರೆದು ಅಭ್ಯಾಸವಿಲ್ಲದ ಬೈರ ತಟ್ಟೆಯಿಂದ ತಲೆ ಎತ್ತಲಿಲ್ಲ.

ಭಾನುವಾರ ಸಂಜೆ ಅವಳು ಗಂಡನ ಹತ್ತಿರ ಬಂದು, “ನಂಗೆ ಎಂಟು ತುಂಬ್ತಾ ಬಂತು. ಚೊಚ್ಚಲು ಹೆರಿಗೆಗೆ ಎಲ್ರೂ ತವರಿಗೆ ಹೋಗ್ತಾರೆ. ನಾನೂ ಹೋಗ್ತೀನಿ” ಎಂದಳು.

ಬೈರ ಅವಳ ಮುಖ ನೋಡಿದ. ಎಲ್ಲಿಗೆ ಎಂದು ಕೇಳಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ಒಂದು ತಾಮ್ರದ ಚೊಂಬು ತಂದ. ಹೆಗಲ ಮೇಲಿನ ವಲ್ಲಿಯ ತುದಿಯಲ್ಲಿ ಒಂದು ಉಂಡೆ ಬೆಲ್ಲ ಕಟ್ಟಿದ. ಬೀಗರು ಬಂದರೆ ಕೊಡಲು ತವರುಮನೆಯಲ್ಲಿ ಏನಾದರೂ ಇರಬೇಕಲ್ಲ. ಅಷ್ಟನ್ನು ಅವಳ ಕೈಗಿಟ್ಟು, ಹಳ್ಳದವರೆಗೂ ಜೊತೆಗೆ ಬಂದು, ಅವಳು ದಾಟಿ ದುಗ್ಗಜ್ಜಿಯ ಹಳೆಯ ಗುಡಿಸಲು ಸೇರುವುದನ್ನು ನೋಡುತ್ತ ನಿಂತ. ಇಂಥ ಗಂಡನನ್ನು ಹೇಡಿ ಎಂದು ಕರೆಯುವವರು ಕರೆಯಲಿ. ನೆಲ್ಲಿಬೈಲಿನ ಹೆಂಗಸರು ಹಾಗೆ ಕರೆಯುವುದಿಲ್ಲ.

ಬೆಳಗಾಯಿತು. ದ್ಯಾವಪ್ಪಗೌಡರು ಹೆಗಲ ಮೇಲೆ ಕೊಡಲಿ, ಹಿಂದೆ ಆಳುಗಳು, ಹಿರಿಯ ಮಗನ ಜೊತೆ ಗದ್ದೆಯಂಚಿಗೆ ಬಂದರು. ಹಳ್ಳದ ಈಚೆ ದಡದ ಚಪ್ಪಟೆ ಕಲ್ಲಿನ ಪಕ್ಕ ಅವರ ಕಿರಿಯ ಸೊಸೆ ಆಚೆಯಿಂದ ದಾಟಿ ಬಂದು ಸೆರಗು ಹೊದ್ದು ನಿಂತಿದ್ದಳು. ಕೈಯಲ್ಲಿ ಚೊಂಬಿನ ತುಂಬ ನೀರು, ಮುತ್ತುಗದ ಎಲೆಯ ಮೇಲೆ ಬೆಲ್ಲ. “ಬನ್ನಿ ಮಾವಯ್ಯ. ಕಾಲಿಗೆ ನೀರು ತಗಳ್ಳಿ” ಎಂದಳು.

ಗೌಡರ ಕಾಲು ಅಲ್ಲೇ ನಿಂತಿತು. ಈ ಸೀಮೆಯಲ್ಲಿ ಬೀಗರ ಮನೆಗೆ ಹೋಗುವ ಕ್ರಮ ಎಲ್ಲರಿಗೂ ತಿಳಿದದ್ದೇ. ಹೊಸ್ತಿಲ ಹೊರಗೆ ಆಯುಧ ಇಡಬೇಕು, ಕಾಲು ತೊಳೆಯಬೇಕು, ಬೆಲ್ಲ ತಿಂದು ನೀರು ಕುಡಿಯಬೇಕು. ಒಮ್ಮೆ ಬೆಲ್ಲ ತಿಂದರೆ ಆ ಮನೆಯಿಂದ ಅವರಾಗಿ ಕೊಟ್ಟದ್ದನ್ನು ಬಿಟ್ಟು ಒಂದು ಹುಲ್ಲುಕಡ್ಡಿಯನ್ನೂ ಎತ್ತುವಂತಿಲ್ಲ. ಸೊಸೆ ಹಿಡಿದು ನಿಂತದ್ದು ಎಂಥ ಚೊಂಬು ಎಂದು ಅವರಿಗೆ ತಕ್ಷಣ ಅರ್ಥವಾಯಿತು. ಸಿಟ್ಟು ನೆತ್ತಿಗೇರಿತು. “ಎಂಥ ಹುಡುಗಾಟಿಕೆ ಇದು? ಇದು ಕಾಡು, ಯಾರ ಮನೆಯೂ ಅಲ್ಲ. ದಾರಿ ಬಿಡು” ಎಂದರು.

ಸಾವಂತಿ ಚೊಂಬನ್ನು ಇನ್ನಷ್ಟು ಮುಂದೆ ಚಾಚಿದಳು. ದನಿ ಏರಿಸದೆ ಹೇಳಿದಳು: “ನೀವೇ ಧಾರೆ ಎರೆಸ್ಕಂಡ್ರಿ ಮಾವಯ್ಯ. ನೀವೇ ಅಪ್ಕಂಡ್ರಿ. ಇದು ಮನೆ ಅಲ್ಲ ಅಂದ್ರೆ ನನ್ನ ಯಾರೂ ನಿಮ್ಗೆ ಕೊಟ್ಟಿಲ್ಲ ಅಂತ ಆಯ್ತು. ಕೊಡದೆ ಇದ್ದೋಳು ನಿಮ್ಮ ಸೊಸೆ ಹೆಂಗಾದೆ? ನನ್ನ ಹೊಟ್ಟೇಲಿರೋದು ಯಾವ ಮನೇದು? ಅದೊಂದು ಹೇಳಿ, ನಾನು ದಾರಿ ಬಿಡ್ತೀನಿ.”

ಆಳುಗಳು ನೆಲ ನೋಡಿದರು. ಗೌಡರು ಇದು ಬರೀ ಮರ ಎಂದರೆ ಮೊಮ್ಮಗು ಮನೆತನಕ್ಕೆ ಸೇರದ ಕೂಸಾಗುತ್ತದೆ. ಬೀಗರು ಎಂದರೆ ಗದ್ದೆ ಕೈತಪ್ಪುತ್ತದೆ. ಒಂದು ಮಾತನ್ನು ತಮಾಷೆಗೆ ಅಂದು ಪಾಯಸ ಉಂಡಿದ್ದಕ್ಕೆ ಇಂದು ಇಷ್ಟು ಕಷ್ಟವೇ ಎಂದು ಅವರಿಗೆ ಅನ್ನಿಸಿರಲಿಕ್ಕೂ ಸಾಕು. ಅಪ್ಪ ಹಿಂಜರಿದದ್ದು ಕಂಡು ಹಿರಿಯ ಮಗ ಕೊಡಲಿ ಕೈ ಬದಲಾಯಿಸಿಕೊಂಡು ಒಂದು ಹೆಜ್ಜೆ ಮುಂದಿಟ್ಟ. ಸಾವಂತಿ ಕದಲಲಿಲ್ಲ. ಅವಳ ಮನಸ್ಸಿನಲ್ಲಿ ಆಗ ಜಾಣತನವೇನೂ ಇರಲಿಲ್ಲ, ಬರೀ ಭಯವಿತ್ತು. ಇವರು ಇದು ಮನೆಯಲ್ಲವೆಂದರೆ ತನಗೆ ಹಿಂದೆಯೂ ಯಾರಿಲ್ಲ, ಮುಂದೆಯೂ ಯಾರಿಲ್ಲ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಕರಿಯಮ್ಮ ಬಂದಳು. ಮರ ಕಡಿಯುವವರಿಗೆಂದು ರೊಟ್ಟಿಯ ಬುಟ್ಟಿ ತಲೆಯ ಮೇಲೆ, ಸೊಪ್ಪು ಕೊಯ್ಯುವ ಕತ್ತಿ ಸೊಂಟದಲ್ಲಿ. ಗಂಡನನ್ನು ನೋಡಿದಳು, ಮಗನನ್ನು ನೋಡಿದಳು, ಚೊಂಬು ಹಿಡಿದು ನಿಂತಿದ್ದ ಸೊಸೆಯನ್ನು ನೋಡಿದಳು. ಈಗ ಇವಳ ಬಾಯಿಗೆ ಸಿಕ್ಕು ಸೊಸೆ ಕೆಟ್ಟಳು ಎಂದೇ ಎಲ್ಲರೂ ಎಣಿಸಿದರು. ಕರಿಯಮ್ಮ ಬುಟ್ಟಿ ಇಳಿಸಿದಳು. ಸೊಂಟದ ಕತ್ತಿ ತೆಗೆದು ಚಪ್ಪಟೆ ಕಲ್ಲಿನ ಮೇಲಿಟ್ಟಳು. ಸೀರೆಯ ನಿರಿಗೆ ಸ್ವಲ್ಪ ಎತ್ತಿ ಕಾಲು ಮುಂದೆ ಮಾಡಿ, “ಎಂಥ ನೋಡ್ತಾ ನಿಂತೀಯೇ ಮಗಾ? ಬೀಗಿತ್ತಿ ಬಂದಿದೀನಿ, ನೀರು ಹಾಕು” ಎಂದಳು.

“ಬನ್ನಿ ಅತ್ತೆ” ಎಂದು ಸಾವಂತಿ ಕರೆದಳು. ಕರಿಯಮ್ಮ ನೀರು ಹಾಕಿಸಿಕೊಂಡಳು, ಬೆಲ್ಲ ಬಾಯಿಗೆ ಹಾಕಿಕೊಂಡಳು, ಗಂಡಸರ ಕಡೆ ತಿರುಗಿಯೂ ನೋಡದೆ ಹಳ್ಳ ದಾಟಿ ಹೋದಳು. ದೊಡ್ಡ ಧೂಪದ ಬುಡದಲ್ಲಿ, ಹಿಂದೆ ಕೂಸು ಸಿಕ್ಕಿದ ಆ ಎರಡು ಬೇರುಗಳ ನಡುವೆ ಬೆನ್ನು ಆನಿಸಿ ಕೂತಳು. ಕೂತು, ಎರಡೂ ಕಾಲನ್ನು ಮುಂದಕ್ಕೆ ನೀಳವಾಗಿ ಚಾಚಿದಳು.

ಗಂಡನ ಮನೆಯಲ್ಲಿ ಹೆಣ್ಣು ಹಾಗೆ ಕೂರುವುದಿಲ್ಲ. ಅಲ್ಲಿ ಕೂತರೂ ಏಳಲು ಅಣಿಯಾಗಿ, ಒಂದು ಮಂಡಿ ಎತ್ತಿ ಕೂರುತ್ತಾಳೆ. ಕಾಲು ಚಾಚಿ ಕೂರುವುದು ತವರಿನಲ್ಲಿ ಮಾತ್ರ. ದ್ಯಾವಪ್ಪಗೌಡರು ಹೆಂಡತಿ ಹಾಗೆ ಕೂತದ್ದನ್ನು ಕಂಡು ಎಷ್ಟು ವರ್ಷವಾಗಿತ್ತೋ ಅವರಿಗೇ ನೆನಪಿಗೆ ಬರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳನ್ನು ಕರೆತರಲು ಅವಳ ಅಪ್ಪನ ಮನೆಗೆ ಹೋದಾಗ, ಹಿಂದಿನ ಜಗಲಿಯಲ್ಲಿ ಹೀಗೆಯೇ ಕೂತು ನಗುತ್ತಿದ್ದ ಹುಡುಗಿಯೊಬ್ಬಳು ಅವರಿಗೆ ನೆನಪಾದಳು. ಅಪ್ಪ ಅಮ್ಮ ಹೋದ ಮೇಲೆ ಅಣ್ಣಂದಿರು ಅವಳನ್ನು ಕರೆಯಲಿಲ್ಲ, ಅವಳು ಆ ಮಾತನ್ನು ಎತ್ತಲಿಲ್ಲ, ಅವರೂ ಕೇಳಲಿಲ್ಲ. ಕರಿಯಮ್ಮ ಮರಕ್ಕೆ ತಲೆ ಆನಿಸಿ, ತನಗೆ ತಾನೇ ಹೇಳಿಕೊಳ್ಳುವಂತೆ, “ಇಷ್ಟು ವರ್ಷಕ್ಕೆ ನನ್ನ ಬಾ ಅಂದೋಳು ಇವಳೊಬ್ಳೇ” ಎಂದಳು. ಹಳ್ಳದ ಈಚೆಗೂ ಅದು ಕೇಳಿಸಿತು. ಒರಳಿನ ಮುಂದೆ ಅತ್ತೆ ಅಂದಿದ್ದ ಮಾತು ಸಾವಂತಿಗೆ ಅರ್ಥವಾದದ್ದು ಆಗಲೇ. ಅವಳು ಚೊಂಬು ಹಿಡಿದಂತೆಯೇ ಬಿಕ್ಕಿ ಬಿಕ್ಕಿ ಅತ್ತಳು.

ದ್ಯಾವಪ್ಪಗೌಡರು ಬಾಗಿ ಕೊಡಲಿಯನ್ನು ಹೆಂಡತಿಯ ಕತ್ತಿಯ ಪಕ್ಕ ಇಟ್ಟರು. ಹಿರಿಯ ಮಗನ ಕೈಯಿಂದಲೂ ತೆಗೆದು ಇಟ್ಟರು. ಕಾಲು ತೊಳೆದುಕೊಂಡು, ಬೆಲ್ಲ ತಿಂದು, ಹಳ್ಳ ದಾಟಿ ಹೋಗಿ ಧೂಪದ ಮುಂದೆ ಸ್ವಲ್ಪ ನಾಚಿಕೆಯಿಂದಲೇ ನಿಂತರು. ಎಲ್ಲರೂ ಕೇಳುವಂತೆ, ಬೀಗರ ಮನೆಯಲ್ಲಿ ಕೇಳುವ ಪದ್ಧತಿಯಂತೆಯೇ ಕೇಳಿದರು: “ಸೊಸೆ ಮೊಮ್ಮಗೂನ ಕರ್ಕಂಡು ಹೋಗಕ್ಕೆ ಯಾವಾಗ ಬರ್ಬೇಕು ಬೀಗ್ರೆ?”

“ಹೇಳಿ ಕಳಿಸ್ತಾರೆ, ಅವಸರ ಮಾಡ್ಬೇಡಿ” ಎಂದಳು ಕರಿಯಮ್ಮ, ಕಾಲು ಮಡಚದೆ.

ಯುಗಾದಿ ಕಳೆದು ದುಗ್ಗಜ್ಜಿಯ ಗುಡಿಸಲಿನಲ್ಲೇ ಹೆಣ್ಣು ಮಗು ಹುಟ್ಟಿತು. ತಾಯಿಯ ಜಾಗದಲ್ಲಿ ನಿಂತು ಬಾಣಂತನ ಮಾಡಿದವಳು ಅತ್ತೆಯೇ. ಮೊದಲ ಮಳೆಗೆ ಮುಂಚೆ ಗೌಡರು ಕರೆಯಲು ಬಂದರು. ಹೊರಡುವಾಗ ಮಡಿಲು ತುಂಬುವವರು ಯಾರು ಎಂಬ ಪ್ರಶ್ನೆ ಮತ್ತೆ ಬಂತು. ಸಾವಂತಿ ಮರದ ಬುಡದಲ್ಲಿ ಸೆರಗು ಹಾಸಿ ಕೂತಳು. ಹೂವಿನ ಮಳೆಯೇ ಸುರಿಯಿತು ಎಂದು ಕೆಲವರು ಹೇಳುತ್ತಾರೆ. ಇಲ್ಲ, ಒಂದೇ ಒಂದು ಹಣ್ಣೆಲೆ ತೇಲಿ ಬಂದು ಬಿತ್ತು, ಅವಳು ಅದನ್ನೇ ಗಂಟು ಕಟ್ಟಿಕೊಂಡು ಎದ್ದಳು ಎನ್ನುವವರೂ ಇದ್ದಾರೆ. ಕತೆಯಲ್ಲಿ ಹೂವು ಸುರಿಸುವುದು ಸುಲಭ. ಎಲೆಯ ಮಾತೇ ಹೆಚ್ಚು ನಂಬುವಂತಿದೆ. ಅಣ್ಣತಮ್ಮಂದಿರು ಇದ್ದ ಗದ್ದೆಗೇ ಬದು ಹಾಕಿಕೊಂಡರು, ಒಂದಷ್ಟು ಕಾಲ ಜಗಳವಾಡಿದರು, ಆಮೇಲೆ ಸರಿಹೋದರು. ಮುಂದಿನ ಗೌರಿಹಬ್ಬಕ್ಕೆ ಅತ್ತೆ ಸೊಸೆ ಇಬ್ಬರೂ ಕೈ ಹಿಡಿದುಕೊಂಡು ಹಳ್ಳ ದಾಟಿ ತವರಿಗೆ ಹೋದರಂತೆ. ಅದರ ಮುಂದಿನ ವರ್ಷ ಅವರ ಜೊತೆಗೆ, ಕರೆಯುವವರಿಲ್ಲದ ಇನ್ನೂ ಕೆಲವರು ಹೋದರು. ಕಾನಿಗೆ ತವರುಕಾನು ಎಂಬ ಹೆಸರು ಹಾಗೆ ನಿಂತಿತು. ಹೆಂಡತಿಯ ತವರಿಗೆ ಕೊಡಲಿ ಹಾಕುವ ಗಂಡಸು ನೆಲ್ಲಿಬೈಲಿನಲ್ಲಿ ಅಲ್ಲಿಂದೀಚೆಗೆ ಹುಟ್ಟಲಿಲ್ಲ ಎನ್ನುತ್ತಾರೆ. ಇಲಾಖೆಯ ಬೋರ್ಡು ಬಂದದ್ದು ಮೊನ್ನೆ ಮೊನ್ನೆ.

ಇಂದಿಗೂ ಹೋದವರು ಆ ಕಲ್ಲನ್ನು ಕಾಣಬಹುದು. ಕತ್ತಿ ಕೊಡಲಿಗಳನ್ನು ಇಟ್ಟೂ ಇಟ್ಟೂ ಅದರ ಮೈ ನುಣುಪಾಗಿದೆ. ಹಳ್ಳ ದಾಟಿದರೆ ಮೊದಲಿಗೆ ಸಿಗುವುದೇ ದೊಡ್ಡ ಧೂಪ. ಅದರ ಎರಡು ಬೇರುಗಳ ನಡುವೆ ನೆಲ ತಗ್ಗಾಗಿದೆ, ಒಬ್ಬರು ಬೆನ್ನು ಆನಿಸಿ ಕೂರಲು ಹೇಳಿ ಮಾಡಿಸಿದ ಹಾಗೆ. ಚಾರಣಕ್ಕೆ ಬಂದ ಗುಂಪುಗಳು ಅಲ್ಲಿ ನಿಂತು ಫೋಟೋ ತೆಗೆದುಕೊಂಡು ಗುಡ್ಡ ಹತ್ತುತ್ತವೆ. ಆದರೆ ಪ್ರತಿ ಗುಂಪಿನಲ್ಲೂ ಒಬ್ಬಳು ಹೆಂಗಸಾದರೂ ಹಿಂದೆ ಉಳಿಯುತ್ತಾಳೆ. ಬೆನ್ನಿನ ಚೀಲ ಇಳಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೇರುಗಳ ನಡುವೆ ಕೂತು ಕಾಲು ಚಾಚುತ್ತಾಳೆ. ಸೆರಗಿಲ್ಲದವರು ಮಳೆಯಂಗಿಯ ಅಂಚನ್ನೇ ಮಡಿಲಿಗೆ ಹರಡಿಕೊಂಡು ಕೂತದ್ದೂ ಉಂಟು. ಸುಬ್ರಾಯ ನಾಲ್ಕು ಗಂಟೆಗೆ ಎಲ್ಲರನ್ನೂ ಸೀಟಿ ಊದಿ ಕರೆಯುತ್ತಾನೆ, ತಡ ಮಾಡಿದವರನ್ನು ಗದರಿಸುತ್ತಾನೆ. ಅಲ್ಲಿ ಕೂತವರನ್ನು ಮಾತ್ರ ಎಬ್ಬಿಸುವುದಿಲ್ಲ. ಅವರಾಗಿಯೇ ಎದ್ದು ಬರುವವರೆಗೂ ಹಳ್ಳದ ಈಚೆ ಅವರ ಕೋಲುಗಳನ್ನು ಕಾಯುತ್ತ ಕೂತಿರುತ್ತಾನೆ.